ಒಂಬತ್ತು ಕೆಲಸಗಳ ಕಾಯ್ದೆ

2019ರ ಇ-ಸಿಗರೇಟು ನಿಷೇಧ ಕಾಯ್ದೆಯನ್ನು ಹೊಗಳದ ಆರೋಗ್ಯ ಭಾಷಣ ನಾನು ಕೇಳಿಲ್ಲ. ಕನ್ನಡಿಗರಿಗೆ ಇನ್ನೂ ಒಂದು ಹೆಮ್ಮೆ: ದೆಹಲಿಗಿಂತ ಮೂರು ವರ್ಷ ಮೊದಲೇ, 2016ರ ಜೂನ್‌ನಲ್ಲಿ, ನಮ್ಮ ರಾಜ್ಯ ಇದನ್ನು ನಿಷೇಧಿಸಿತ್ತು. ಹೊಗಳಿಕೆ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಕಾಯ್ದೆ ಕೆಟ್ಟದ್ದಲ್ಲ, ಅರ್ಧಂಬರ್ಧ.

ಅದರ ಉದ್ದನೆಯ ಹೆಸರನ್ನೇ ಓದಿ ನೋಡಿ. ಉತ್ಪಾದನೆ, ತಯಾರಿಕೆ, ಆಮದು, ರಫ್ತು, ಸಾಗಾಟ, ಮಾರಾಟ, ವಿತರಣೆ, ದಾಸ್ತಾನು, ಜಾಹೀರಾತು. ಒಂಬತ್ತು ಕೆಲಸ, ಒಂಬತ್ತೂ ವ್ಯಾಪಾರದವು. ‘ಸೇದುವುದು’ ಈ ಪಟ್ಟಿಯಲ್ಲಿಲ್ಲ. ಮೊದಲ ಸಲ ಮಾರಿ ಸಿಕ್ಕಿಬಿದ್ದವನಿಗೆ ಒಂದು ವರ್ಷದವರೆಗೆ ಜೈಲು ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಸೇದಿದ ಹುಡುಗನ ಬಗ್ಗೆ ಮೌನ. ಇದನ್ನು ಲೋಪ ಎಂದು ದೂರುವವರಿದ್ದಾರೆ. ನನಗೆ ಇಡೀ ಕಾಯ್ದೆಯಲ್ಲಿ ಮೆಚ್ಚುಗೆಯಾದ ಜಾಗ ಇದೇ. ಹದಿನೈದರ ಹುಡುಗನನ್ನು ಅಪರಾಧಿ ಮಾಡದೆ ಬಿಟ್ಟದ್ದು ಸಣ್ಣ ವಿವೇಕವಲ್ಲ.

ಆದರೆ ಅಲ್ಲಿ ಇರಲೇಬೇಕಿದ್ದ ಇನ್ನೊಂದು ಮಾತೂ ಇಲ್ಲ: ‘ಬಿಡುವುದು’. ಚಟ ಹತ್ತಿದವನು ಯಾರ ಬಳಿ ಹೋಗಬೇಕು, ಅವನನ್ನು ಬಿಡಿಸುವವರು ಯಾರು ಎಂಬುದಕ್ಕೆ ಒಂದು ಕಲಮೂ ಇಲ್ಲ. ವ್ಯಾಖ್ಯೆಯ ಭಾಗದಲ್ಲಿ ಮಾತ್ರ ಭಾರೀ ಜಾಗರೂಕತೆ: ನಿಕೋಟಿನ್ ಇರಲಿ ಇಲ್ಲದಿರಲಿ, ಯಾವ ಹೆಸರು, ಯಾವ ಆಕಾರದ್ದೇ ಆಗಿರಲಿ, ಎಲ್ಲವೂ ಬಲೆಯೊಳಗೆ. ವಸ್ತುವನ್ನು ಇಷ್ಟು ಚೆನ್ನಾಗಿ ಬಲ್ಲ ಕಾಯ್ದೆ ಸೇದುವವನ ಕಡೆ ತಿರುಗಿಯೂ ನೋಡಿಲ್ಲ.

ಇಲ್ಲಿ ನನಗೆ ಉಯ್ಯಂಬಳ್ಳಿ ಕಡೆಯ ಹುಳುಮನೆ ನೆನಪಾಗುತ್ತದೆ. ರೇಷ್ಮೆಹುಳುವಿಗೆ ನಿಕೋಟಿನ್ ವಿಷ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕಬಾರದು, ಒಳಗೆ ಬೀಡಿ ಹಚ್ಚಬಾರದು. ಬೆಳೆಗಾರ ಈ ನಿಯಮ ಮೀರುವುದಿಲ್ಲ. ಮೀರಿದರೆ ತಟ್ಟೆಯಲ್ಲಿ ಹುಳು ಸಾಯುವುದು ಅವನ ಕಣ್ಣೆದುರಿಗೇ. ಆದರೆ ಸೊಪ್ಪು ಹಾಕಿ ಹೊರಗೆ ಬಂದವನೇ ಜಗಲಿಯ ಮೇಲೆ ಕೂತು ಬೀಡಿ ಹಚ್ಚುತ್ತಾನೆ. ನಿಯಮ ಹುಳುವನ್ನು ಉಳಿಸಿತು, ಮನುಷ್ಯನ ಚಟವನ್ನು ಮುಟ್ಟಲಿಲ್ಲ. 2019ರ ಕಾಯ್ದೆಯದೂ ಇದೇ ಕಥೆ.

ಇನ್ನು ಈ ಕಾಯ್ದೆಯ ಪರ-ವಿರೋಧ ವಾದಿಸುವವರ ವಿಷಯ. ಒಂದು ಗುಂಪಿಗೆ ವೇಪ್, ಅಂದರೆ ಇ-ಸಿಗರೇಟು, ಎಂದರೆ ಸಿಗರೇಟಿಗೆ ಹತ್ತುವ ಮೆಟ್ಟಿಲು. ಅಮೆರಿಕದ ಒಂಬತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆ ಅವರ ಆಧಾರ: ವೇಪ್ ಸೇದಿದ ಹರೆಯದವರು ಮುಂದೆ ಸಿಗರೇಟು ಹಿಡಿಯುವ ಸಂಭವ ಮೂರೂವರೆ ಪಟ್ಟಿಗೂ ಹೆಚ್ಚು. ಸರಿ. ಆದರೆ ಅದೇ ದೇಶದ ಹೈಸ್ಕೂಲುಗಳಲ್ಲಿ 2011ರಿಂದ 2019ರೊಳಗೆ ವೇಪ್ ಶೇ 1.5ರಿಂದ 27.5ಕ್ಕೆ ಏರಿದಾಗ ಸಿಗರೇಟು ಶೇ 15.8ರಿಂದ 5.8ಕ್ಕೆ ಇಳಿಯಿತು. ಎಲ್ಲರೂ ಹತ್ತುವ ಮೆಟ್ಟಿಲಾಗಿದ್ದರೆ ಮೇಲಿನ ಅಟ್ಟ ಖಾಲಿಯಾಗುತ್ತಿತ್ತೇ?

ಇನ್ನೊಂದು ಗುಂಪು, ಇಂಗ್ಲಿಷ್ ಅಂಕಣಗಳದ್ದು, ಇನ್ನೂ ಜೋರು: ಸಿಗರೇಟಿಗಿಂತ ವೇಪ್ ಶೇ 95 ಕಡಿಮೆ ಅಪಾಯಕಾರಿ, ನಿಷೇಧಿಸಿ ಸೇದುವವರನ್ನು ಕೊಂದಿರಿ ಎಂದು. ಈ 95 ಯಾವ ಪ್ರಯೋಗಾಲಯವೂ ಅಳೆದ ಸಂಖ್ಯೆಯಲ್ಲ; ಲಂಡನ್ನಿನಲ್ಲಿ ಹನ್ನೆರಡು ತಜ್ಞರು ಕೂತು ಅಂಕ ಹಾಕಿದ್ದು, 2014ರಲ್ಲಿ ಪ್ರಕಟವಾದದ್ದು. ಈ ಗುಂಪಿನ ಗಟ್ಟಿ ಸಾಕ್ಷ್ಯ ಬೇರೆ ಇದೆ. 2019ರ ಬ್ರಿಟಿಷ್ ಪ್ರಯೋಗವೊಂದರಲ್ಲಿ ವೇಪ್ ಹಿಡಿದವರಲ್ಲಿ ಶೇ 18 ಮಂದಿ ವರ್ಷದ ಕೊನೆಗೆ ಸಿಗರೇಟು ಬಿಟ್ಟಿದ್ದರು. ನಿಕೋಟಿನ್ ಗಮ್, ಪಟ್ಟಿಯಂಥವನ್ನು ಬಳಸಿದವರಲ್ಲಿ ಶೇ 9.9. ಆದರೆ ವೇಪ್‌ನಿಂದ ಬಿಟ್ಟವರಲ್ಲಿ ಐವರಲ್ಲಿ ನಾಲ್ವರು ಆಗಲೂ ವೇಪ್ ಸೇದುತ್ತಲೇ ಇದ್ದರು ಎಂಬುದನ್ನು ಈ ಅಂಕಣಕಾರರು ಬರೆಯುವುದಿಲ್ಲ. ಮೇಲಾಗಿ ಆ ಪ್ರಯೋಗದಲ್ಲಿದ್ದವರೆಲ್ಲ ಬಿಡಬೇಕೆಂದು ಬಂದ ವಯಸ್ಕರು, ಜೊತೆಗೆ ಸಲಹೆಗಾರರಿದ್ದರು. ಎಂದೂ ಸಿಗರೇಟು ಮುಟ್ಟದ ಹುಡುಗನಿಗೆ ಈ ಲೆಕ್ಕ ಹೇಳುವುದು ಮೋಸ.

ಎರಡೂ ಗುಂಪು ನೋಡದ ಮೆಟ್ಟಿಲು ನಮ್ಮೂರುಗಳಲ್ಲಿದೆ. ‘ಹೋಗಿ ಒಂದು ಕಟ್ಟು ಬೀಡಿ ತಗಂಬಾರೋ’ ಎಂದು ಅಪ್ಪ ಕಳಿಸಿದ ದಿನವೇ ಮಗ ಅದರ ಮೊದಲ ಮೆಟ್ಟಿಲ ಮೇಲಿದ್ದಾನೆ. 2016-17ರ ಸಮೀಕ್ಷೆಯಂತೆ ರಾಜ್ಯದ ವಯಸ್ಕರಲ್ಲಿ ಶೇ 22.8 ಮಂದಿ ತಂಬಾಕು ಬಳಸುತ್ತಿದ್ದರು. ಇಡೀ ದೇಶದಲ್ಲಿ ಇ-ಸಿಗರೇಟಿನವರು ಶೇ 0.02. ಇಲಿಯನ್ನು ಕಟ್ಟಿಹಾಕಿ ಹೆಗ್ಗಣವನ್ನು ಅಂಗಡಿಯಲ್ಲಿ ಕೂರಿಸಿದೆವು. ಗುಟ್ಕಾವನ್ನು 2013ರಲ್ಲೇ ನಿಷೇಧಿಸಿದ್ದೆವಲ್ಲ, ಏನಾಯಿತು? ಪಾನ್ ಮಸಾಲೆ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್. ಪೆಟ್ಟಿಗೆ ಅಂಗಡಿಯಲ್ಲಿ ಅಕ್ಕಪಕ್ಕ ತೂಗುತ್ತವೆ, ಬೆರೆಸುವ ಕೆಲಸ ಮಾತ್ರ ಗಿರಾಕಿಯದು.

ಇಲಿಮರಿಯನ್ನು ಬೆಳೆಯುವ ಮೊದಲೇ ಹಿಡಿದದ್ದು ಜಾಣತನವಲ್ಲವೇ ಎನ್ನಬಹುದು. ಒಪ್ಪುತ್ತೇನೆ, ಅಷ್ಟು ಅಂಕ ಕಾಯ್ದೆಗೆ ಸಲ್ಲಬೇಕು. ಆದರೆ ನಿಷೇಧ ಮೀರಿ ಹುಡುಗರ ಕೈಗೆ ಬರುವ ಕಳ್ಳಮಾಲಿನ ಮೇಲೆ ಎಚ್ಚರಿಕೆಯ ಚಿತ್ರವಿಲ್ಲ, ಒಳಗೆ ನಿಕೋಟಿನ್ ಎಷ್ಟೆಂಬ ಖಾತರಿಯಿಲ್ಲ, ಬಿಡಬೇಕೆನಿಸಿದರೆ ಕರೆ ಮಾಡಲು ಸಂಖ್ಯೆಯೂ ಇಲ್ಲ. ಅಪ್ಪನ ಬೀಡಿ ಕಟ್ಟಿನ ಮೇಲೆ 2018ರಿಂದ ಆ ಸಂಖ್ಯೆ ಅಚ್ಚಾಗುತ್ತಿದೆ: 1800-11-2356. ಕರೆಗೆ ಕಾಸಿಲ್ಲ. ಮಗನೂ ಅದನ್ನು ಅಲ್ಲಿಂದಲೇ ಓದಿಕೊಳ್ಳಬೇಕು.