ಹೆಸರು ಬೇಡವೆಂದ ವಾಸ್ತುಶಿಲ್ಪಿ

1889ರ ಜನವರಿಯಲ್ಲಿ ಇಂಗ್ಲೆಂಡಿನ ವಿಲ್ಟ್‌ಶೈರ್ ಪ್ರಾಂತದಲ್ಲಿ ಒಂದು ಭಾರೀ ಮನೆ ಸುಟ್ಟುಹೋಯಿತು. ಕೆಲಸದಾಕೆಯೊಬ್ಬಳು ಕಪಾಟಿನಲ್ಲಿ ಮರೆತುಬಿಟ್ಟ ಮೇಣದಬತ್ತಿಯೇ ಅದಕ್ಕೆ ಕಾರಣ. ‘ಕ್ಲೌಡ್ಸ್’ ಎಂಬ ಆ ಮನೆ ಕಟ್ಟಿ ಮುಗಿದು ಕೆಲವೇ ವರ್ಷಗಳಾಗಿದ್ದವು. ಮಾಲೀಕ ಪರ್ಸಿ ವಿಂಡಮ್ ಮತ್ತವನ ಕುಟುಂಬ, ಬೆಂಕಿಗೆ ಸಿಗದೆ ಉಳಿದಿದ್ದ ಸೇವಕರ ಭಾಗಕ್ಕೆ ವಾಸ ಬದಲಿಸಬೇಕಾಯಿತು. ಅಲ್ಲಿ ಕೆಲವು ದಿನ ಕಳೆದ ಮೇಲೆ ಮನೆಯೊಡತಿ ಒಂದು ಮಾತು ಹೇಳಿದಳೆಂಬ ಪ್ರತೀತಿಯಿದೆ. ನಮ್ಮ ವಾಸ್ತುಶಿಲ್ಪಿ ಸಮಾಜವಾದಿಯಾಗಿದ್ದುದು ಒಳ್ಳೆಯದೇ ಆಯಿತು, ಆಳುಗಳ ಕೋಣೆಯಲ್ಲೂ ನಮ್ಮ ಕೋಣೆಯಷ್ಟೇ ಸುಖವಾಗಿದ್ದೇವೆ, ಎಂದು.

ಆ ವಾಸ್ತುಶಿಲ್ಪಿಯ ಹೆಸರು ಫಿಲಿಪ್ ವೆಬ್. ಅವನನ್ನು ಮೆಚ್ಚುವವರೆಲ್ಲ ಈ ಮಾತನ್ನು ನೆನೆದು ನಗುತ್ತಾರೆ. ನಾವೂ ನಕ್ಕೆವು. ಆದರೆ ಆ ನಗುವಿನ ಹಿಂದೆಯೇ ಒಂದು ಪ್ರಶ್ನೆ ಉಳಿಯುತ್ತದೆ. ಒಬ್ಬ ಪ್ರಾಮಾಣಿಕ ಸಮಾಜವಾದಿಯ ಸಮಾನತೆ ಶ್ರೀಮಂತನ ಮನೆಯ ಹಿಂಭಾಗದ ಗೋಡೆಗಳಲ್ಲಷ್ಟೇ ಜಾಗ ಪಡೆಯಬೇಕಾಗಿ ಬಂದದ್ದೇಕೆ?

ವೆಬ್ ಹುಟ್ಟಿದ್ದು 1831ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ. ತಂದೆ ವೈದ್ಯ. ಜಿ.ಇ. ಸ್ಟ್ರೀಟ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾಗ, 1856ರಲ್ಲಿ ಅಲ್ಲಿಗೆ ಕಲಿಯಲು ಬಂದ ವಿಲಿಯಂ ಮೋರಿಸ್‌ನ ಪರಿಚಯವಾಯಿತು. ಆ ಸ್ನೇಹ ನಲವತ್ತು ವರ್ಷ ನಡೆಯಿತು. 1859ರಲ್ಲಿ ಸ್ವಂತ ಕೆಲಸ ಆರಂಭಿಸಿದ ವೆಬ್ ಮೊದಲು ಕಟ್ಟಿದ್ದೇ ಮೋರಿಸ್‌ಗಾಗಿ ಕೆಂಟ್ ಪ್ರಾಂತದ ಬೆಕ್ಸ್‌ಲಿಹೀತ್‌ನಲ್ಲಿ ‘ರೆಡ್ ಹೌಸ್’. ಆಗ ಅವನಿಗೆ ಇಪ್ಪತ್ತೆಂಟು ವರ್ಷ. ಗಾರೆ ಬಳಿದು ಇಟ್ಟಿಗೆಯನ್ನು ಮುಚ್ಚಿಡುವ ಅಭ್ಯಾಸವಿದ್ದ ಕಾಲದಲ್ಲಿ ಅವನು ಕೆಂಪು ಇಟ್ಟಿಗೆಯನ್ನು ಕೆಂಪು ಇಟ್ಟಿಗೆಯಾಗಿಯೇ ಬಿಟ್ಟ. ಹೊರಗಿನಿಂದ ನೋಡಲು ಚೆನ್ನಾಗಿರಲೆಂದು ಕಿಟಕಿಗಳನ್ನು ಸಾಲಾಗಿ ಜೋಡಿಸದೆ, ಒಳಗೆ ಬೆಳಕು ಬೇಕಾದ ಕಡೆ ಇಟ್ಟ. ದೋಷವೂ ಇತ್ತು. ಮುಖ್ಯ ಕೋಣೆಗಳು ಉತ್ತರಕ್ಕೆ ಮುಖ ಮಾಡಿದ್ದರಿಂದ ಚಳಿಗಾಲದಲ್ಲಿ ಮನೆ ಕೊರೆಯುತ್ತಿತ್ತು. ಮೋರಿಸ್ ಐದು ವರ್ಷ ಮಾತ್ರ ಅಲ್ಲಿದ್ದು, 1865ರಲ್ಲಿ ಹೊರಟುಹೋದ. ಮುಂದೆ ‘ಆರ್ಟ್ಸ್ ಅಂಡ್ ಕ್ರಾಫ್ಟ್ಸ್’ ಎಂದು ಹೆಸರಾದ ಚಳವಳಿ ಈ ಮನೆಯನ್ನು ತನ್ನ ತವರು ಎಂದು ಕರೆದುಕೊಳ್ಳುತ್ತದೆ. ಯಂತ್ರದ ಅಗ್ಗದ ಸರಕಿನ ಎದುರು ಕುಶಲಕರ್ಮಿಯ ಕೈಗೆ ಮತ್ತೆ ಮರ್ಯಾದೆ ತಂದುಕೊಡಬೇಕೆಂಬುದು ಆ ಚಳವಳಿಯ ಹಂಬಲವಾಗಿತ್ತು.

ಆದರೆ ಕೈಯ ಕೆಲಸಕ್ಕೆ ಕಾಸು ಕೊಡುವವರು ಯಾರು? ಯಾರ್ಕ್‌ಶೈರ್‌ನ ‘ರೌಂಟನ್ ಗ್ರೇಂಜ್’ ಎಂಬ ಮನೆಯನ್ನು ವೆಬ್ 1870ರ ದಶಕದಲ್ಲಿ ಕಟ್ಟಿದ್ದು ಲೋಥಿಯನ್ ಬೆಲ್‌ಗಾಗಿ. ಬೆಲ್ ಕಬ್ಬಿಣದ ಕುಲುಮೆಗಳ ದೊಡ್ಡ ಉದ್ಯಮಿ. ಯಾವ ಕಾರ್ಖಾನೆಯ ಹೊಗೆಯನ್ನು ಮೋರಿಸ್ ಮತ್ತು ವೆಬ್ ಶಪಿಸುತ್ತಿದ್ದರೋ ಅದೇ ಹೊಗೆಯ ಲಾಭದಿಂದ ಆ ಗೋಡೆಗಳು ಎದ್ದವು. ಒಳಗಿನ ಅಲಂಕಾರಕ್ಕೆಂದು ಹೋಗಿದ್ದ ಮೋರಿಸ್, ಶ್ರೀಮಂತರ ಹಂದಿಯಂಥ ಭೋಗಕ್ಕೆ ದುಡಿಯುವುದರಲ್ಲೇ ನನ್ನ ಆಯುಷ್ಯ ಕಳೆಯುತ್ತಿದೆಯೆಂದು ಮಾಲೀಕನ ಎದುರಿಗೇ ಸಿಡಿದನೆಂದು ವೆಬ್‌ನ ಜೀವನ ಚರಿತ್ರೆ ಬರೆದ ಲೆಥಬಿ ದಾಖಲಿಸಿದ್ದಾನೆ. ಬೆಲ್‌ನ ಮೊಮ್ಮಗಳು ಗರ್ಟ್ರೂಡ್ ಬೆಲ್ ಎಂದರೆ ನಮ್ಮ ಓದುಗರಲ್ಲಿ ಕೆಲವರಿಗಾದರೂ ಗುರುತು ಹತ್ತಬಹುದು. ಮೊದಲ ಮಹಾಯುದ್ಧದ ನಂತರ ಇರಾಕ್ ಎಂಬ ರಾಜ್ಯವನ್ನು ರೂಪಿಸಿದ ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬಳು ಅವಳು. ಕ್ಲೌಡ್ಸ್ ಮನೆಯ ಅತಿಥಿಗಳಲ್ಲೂ ಆರ್ಥರ್ ಬಾಲ್ಫೋರ್ ಇದ್ದ, ಪ್ಯಾಲೆಸ್ಟೀನ್ ಕುರಿತ 1917ರ ಘೋಷಣೆಯ ಅದೇ ಬಾಲ್ಫೋರ್. ಕಟ್ಟಿದವನ ಸರಳತೆ ಕುಳಿತವರ ರಾಜಕಾರಣವನ್ನು ಬದಲಿಸಲಿಲ್ಲ. ಕಟ್ಟಡದಿಂದ ಅಷ್ಟೆಲ್ಲ ನಿರೀಕ್ಷಿಸುವುದೂ ಸರಿಯಲ್ಲವೇನೋ.

ಹಾಗೆಂದು ವೆಬ್ ಆಷಾಢಭೂತಿಯಲ್ಲ. ಒಂದಿಬ್ಬರು ಸಹಾಯಕರನ್ನಷ್ಟೇ ಇಟ್ಟುಕೊಂಡು, ಕೈತುಂಬ ಕೆಲಸ ಒಪ್ಪಿಕೊಳ್ಳದೆ, ಬಾಗಿಲ ಚಿಲಕದವರೆಗೆ ಎಲ್ಲವನ್ನೂ ತಾನೇ ಬರೆದುಕೊಡುತ್ತಿದ್ದ. ತನ್ನ ಮನೆಗಳ ಚಿತ್ರ ಪತ್ರಿಕೆಗಳಲ್ಲಿ ಬರುವುದು ಅವನಿಗೆ ಹಿಡಿಸುತ್ತಿರಲಿಲ್ಲ. 1880ರ ದಶಕದಲ್ಲಿ ಮೋರಿಸ್‌ನ ಸೋಷಲಿಸ್ಟ್ ಲೀಗ್‌ಗೆ ಖಜಾಂಚಿಯಾಗಿದ್ದ. ಸಂಘಟನೆಗಳಲ್ಲಿ ದುಡಿದವರಿಗೆ ಗೊತ್ತು, ಭಾಷಣಕಾರನಾಗುವುದಕ್ಕಿಂತ ಖಜಾಂಚಿಯಾಗುವುದು ಕಷ್ಟ.

ನಮ್ಮ ದೃಷ್ಟಿಯಲ್ಲಿ ವೆಬ್‌ನ ಅತಿ ದೊಡ್ಡ ಕೊಡುಗೆ ಅವನು ಕಟ್ಟಿದ್ದರಲ್ಲಿ ಅಲ್ಲ, ಕೆಡವಲು ಬಿಡದ್ದರಲ್ಲಿ ಇದೆ. ಆಗ ಇಂಗ್ಲೆಂಡಿನಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಚರ್ಚುಗಳನ್ನು ಕೆರೆದು, ನಡುವಿನ ಶತಮಾನಗಳ ಕೆಲಸವನ್ನು ಕಿತ್ತೆಸೆದು, ‘ಮೂಲ’ ರೂಪ ಕೊಡುವ ಹುಚ್ಚು ಹಬ್ಬಿತ್ತು. ಅದರ ವಿರುದ್ಧ ಮೋರಿಸ್ ಮತ್ತು ವೆಬ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ ಕಟ್ಟಿದರು. ಕಟ್ಟಡಕ್ಕೆ ಒಂದೇ ‘ಶುದ್ಧ’ ಕಾಲವೆಂಬುದಿಲ್ಲ, ಒಬ್ಬರ ಮೇಲೊಬ್ಬರು ಸೇರಿಸಿದ್ದೆಲ್ಲವೂ ಅದರ ಚರಿತ್ರೆಯೇ, ಸೋರುವುದನ್ನು ನಿಲ್ಲಿಸಿ, ಬೀಳುವುದಕ್ಕೆ ಆಸರೆ ಕೊಡಿ, ಸುಳ್ಳು ಹಳತನ್ನು ಹುಟ್ಟಿಸಬೇಡಿ ಎಂಬುದು ಅವರ ನಿಲುವು. ಚರಿತ್ರೆಯನ್ನು ಅಗೆದು ‘ಮೂಲ’ ಹುಡುಕುವ ಉತ್ಸಾಹ ಎಲ್ಲಿಗೆ ಒಯ್ಯುತ್ತದೆಂದು ಕಂಡಿರುವ ನಮಗೆ ಈ ಮಾತಿನ ಬೆಲೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕ್ಲೌಡ್ಸ್ ಮನೆಗೆ ಹತ್ತಿರದ ಈಸ್ಟ್ ನಾಯ್ಲ್ ಚರ್ಚಿನ ಗೋಪುರ ಬಿರುಕು ಬಿಟ್ಟಾಗ, 1890ರ ದಶಕದ ಆರಂಭದಲ್ಲಿ, ವೆಬ್ ಅದನ್ನು ಬಿಚ್ಚಿ ಕಟ್ಟಲಿಲ್ಲ. ಗೋಡೆಯ ಹೊಟ್ಟೆಯೊಳಗಿನ ಸಡಿಲ ಕಲ್ಲುಪುಡಿಯನ್ನು ಸ್ವಲ್ಪ ಸ್ವಲ್ಪವೇ ತೆಗೆದು ಗಟ್ಟಿ ಕಾಂಕ್ರೀಟು ತುಂಬಿಸಿದ. ಹೊರಗಿನ ಹಳೆಯ ಮುಖ ಹಾಗೇ ಉಳಿಯಿತು.

ಅವನ ಮನೆಗಳಲ್ಲಿ ನಮಗೆ ಪ್ರಿಯವಾದದ್ದು ಸಸೆಕ್ಸ್‌ನ ‘ಸ್ಟ್ಯಾಂಡೆನ್’. ವಕೀಲ ಜೇಮ್ಸ್ ಬೀಲ್‌ಗಾಗಿ 1892–94ರಲ್ಲಿ ಕಟ್ಟಿದ್ದು. ಆ ಜಾಗದಲ್ಲಿ ಒಂದು ಹಳೆಯ ರೈತನ ಮನೆ, ಒಂದು ಕಣಜ ಇದ್ದವು. ಬೇರೆ ಯಾರಾದರೂ ಮೊದಲ ದಿನವೇ ನೆಲಸಮ ಮಾಡುತ್ತಿದ್ದರು. ವೆಬ್ ಅವೆರಡನ್ನೂ ಉಳಿಸಿಕೊಂಡು, ಅವಕ್ಕೆ ಹೊಸ ಮನೆ ನೆಂಟನಂತೆ ಬಂದು ಸೇರುವ ಹಾಗೆ ಯೋಜಿಸಿದ. ಕಲ್ಲನ್ನು ಆ ಜಮೀನಿನಲ್ಲೇ ತೆಗೆಸಿದ. ಇಟ್ಟಿಗೆ, ಹೆಂಚು, ಮರದ ಹಲಗೆ, ಒರಟು ಗಾರೆ ಎಲ್ಲವೂ ಒಂದೇ ಗೋಡೆಯ ಸುತ್ತ ಜಗಳವಿಲ್ಲದೆ ಇವೆ. ಯಂತ್ರದ್ವೇಷಿ ಎಂದು ಅವನನ್ನು ತಳ್ಳಿಹಾಕುವವರು ಗಮನಿಸಬೇಕು. ಈ ಮನೆಗೆ ಮೊದಲಿನಿಂದಲೇ ವಿದ್ಯುತ್ ದೀಪಗಳಿದ್ದವು, ಅವುಗಳ ತಾಮ್ರದ ತಟ್ಟೆಗಳ ವಿನ್ಯಾಸವೂ ಅವನದೇ.

1900ರಲ್ಲಿ ವೆಬ್ ನಿವೃತ್ತನಾದ. ಇಷ್ಟೆಲ್ಲ ಸಿರಿವಂತರಿಗೆ ಮನೆ ಕಟ್ಟಿದವನ ಬಳಿ ಸ್ವಂತ ಮನೆಯಿರಲಿಲ್ಲ, ಉಳಿತಾಯವೂ ಅಷ್ಟಕ್ಕಷ್ಟೆ. ವರ್ತ್ ಎಂಬ ಹಳ್ಳಿಯಲ್ಲಿ ‘ಕ್ಯಾಕ್ಸ್‌ಟನ್ಸ್’ ಎಂಬ ಪುಟ್ಟ ಮನೆಯನ್ನು ಅವನಿಗೆ ಒದಗಿಸಿದವನು ಕವಿ ವಿಲ್ಫ್ರಿಡ್ ಸ್ಕಾವನ್ ಬ್ಲಂಟ್. ಈಜಿಪ್ಟಿನ ಉರಾಬಿ ಪಾಷಾನ ದಂಗೆಯನ್ನು ಬ್ರಿಟನ್ 1882ರಲ್ಲಿ ಹತ್ತಿಕ್ಕಿದಾಗ ಅವನ ಮೊಕದ್ದಮೆಗೆ ವಕೀಲರನ್ನು ಕಳಿಸಿದ, ಮುಹಮ್ಮದ್ ಅಬ್ದುಹು ಅವರ ಸ್ನೇಹಿತನಾಗಿದ್ದ, ಭಾರತಕ್ಕೆ ಬಂದು ಇಲ್ಲಿನ ಬ್ರಿಟಿಷ್ ಆಡಳಿತವನ್ನು ಟೀಕಿಸಿ ಬರೆದ ಬ್ಲಂಟ್ ಅವನೇ. ಬ್ಲಂಟ್ ಕೂಡ ಜಮೀನ್ದಾರ, ಅರಬ್ಬೀ ಕುದುರೆಗಳ ಸಾಕಣೆದಾರ. ಆ ಕಾಲದ ಒಳ್ಳೆಯವರ ಕಥೆಯೇ ಹೀಗೆ, ಎಲ್ಲರ ಕೆಳಗೂ ಯಾರದೋ ಗೇಣಿಯ ನೆಲ.

1915ರ ಏಪ್ರಿಲ್‌ನಲ್ಲಿ ವೆಬ್ ಕ್ಯಾಕ್ಸ್‌ಟನ್ಸ್‌ನಲ್ಲೇ ತೀರಿಕೊಂಡ. ಅವನ ಬಗ್ಗೆ ಗೌರವದಿಂದ ಬರೆದವರಲ್ಲಿ ಎಡ್ವಿನ್ ಲಟಿಯನ್ಸ್ ಒಬ್ಬ. ಆ ಹೊತ್ತಿಗೆ ಲಟಿಯನ್ಸ್ ದೆಹಲಿಯಲ್ಲಿ ವೈಸರಾಯ್ ಭವನದ, ಅಂದರೆ ಇಂದಿನ ರಾಷ್ಟ್ರಪತಿ ಭವನದ ಕೆಲಸದಲ್ಲಿದ್ದ. ಭಾರತೀಯ ವಾಸ್ತುಶಿಲ್ಪವನ್ನು, ಮೊಗಲರದ್ದನ್ನೂ ಸೇರಿಸಿ, ಅವನು ಎಷ್ಟು ಹೀನಾಯವಾಗಿ ಕಾಣುತ್ತಿದ್ದನೆಂಬುದು ಅವನ ಪತ್ರಗಳಲ್ಲೇ ಇದೆ. ಗುರುವಿನಿಂದ ಇಟ್ಟಿಗೆ ಇಡುವುದನ್ನು ಕಲಿತ ಶಿಷ್ಯ, ಇದ್ದದ್ದರ ಎದುರು ತಲೆಬಾಗುವುದನ್ನು ಕಲಿಯಲಿಲ್ಲ.

ರೌಂಟನ್ ಗ್ರೇಂಜ್ ಅನ್ನು 1950ರ ದಶಕದಲ್ಲಿ ಕೆಡವಿದರು. ಕ್ಲೌಡ್ಸ್‌ನ ಒಂದಷ್ಟು ಭಾಗವೂ ಹೋಯಿತು. ಸ್ಟ್ಯಾಂಡೆನ್ 1972ರಲ್ಲಿ, ರೆಡ್ ಹೌಸ್ 2003ರಲ್ಲಿ ನ್ಯಾಷನಲ್ ಟ್ರಸ್ಟ್‌ನ ವಶಕ್ಕೆ ಬಂದವು. ಸ್ಟ್ಯಾಂಡೆನ್‌ನಲ್ಲಿ ಆ ಹಳೆಯ ರೈತನ ಮನೆ ಈಗಲೂ ಇದೆ.