ಹಳೆಯ ಕಾರಿನ ಮೋಹ ಮತ್ತು ಎರಡನೆಯ ವಾಹನದ ಲೆಕ್ಕ

ಗೃಹಸ್ಥನ ಮನೆಯಲ್ಲಿರುವ ವಸ್ತುಗಳು ಸಾಮಾನ್ಯವಾಗಿ ಎರಡು ಬಗೆಯವು. ಬಳಕೆಗಾಗಿ ಇರಿಸಿಕೊಂಡವು ಒಂದು ಬಗೆ. ತನ್ನ ಬಳಿ ಇವೆಯೆಂಬ ಸಂತೋಷಕ್ಕಾಗಿ ಇರಿಸಿಕೊಂಡವು ಇನ್ನೊಂದು ಬಗೆ. ಸಾಮಾನ್ಯ ಕುಟುಂಬಗಳಲ್ಲಿ ವಾಹನವು ಬಹುಕಾಲ ಮೊದಲನೆಯ ಬಗೆಗೇ ಸೇರಿತ್ತು. ಎತ್ತಿನ ಗಾಡಿಯನ್ನಾಗಲಿ ಸೈಕಲ್ಲನ್ನಾಗಲಿ ನೋಡಿ ಆನಂದಿಸುವುದಕ್ಕೆಂದೇ ಕೊಂಡು ನಿಲ್ಲಿಸುವವರು ಇರಲಿಲ್ಲ. ಈಗ ನಗರಗಳಲ್ಲಿ ಒಂದೇ ಮನೆಯ ಅಂಗಳದಲ್ಲಿ ಎರಡೂ ಬಗೆಯ ವಾಹನಗಳು ಅಕ್ಕಪಕ್ಕ ನಿಲ್ಲತೊಡಗಿವೆ. ಹಳೆಯ ಕಾರುಗಳ ಅಭಿಮಾನಿಗಳನ್ನು ಕುರಿತು ಪ್ರಶಂಸೆಯ ಬರಹಗಳಿಗೆ ಕೊರತೆಯಿಲ್ಲ. ಆದರೆ ಆ ಅಭಿಮಾನಿಗಳು ದಿನನಿತ್ಯ ಯಾವ ವಾಹನದಲ್ಲಿ ಓಡಾಡುತ್ತಾರೆ, ಅದನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬ ಪ್ರಶ್ನೆ ಕೇಳಿಬರುವುದು ಅಪರೂಪ. ಈ ಹವ್ಯಾಸದ ನೈತಿಕ ಮೌಲ್ಯವನ್ನು ನಿರ್ಣಯಿಸಬೇಕಾದರೆ ಆ ಎರಡನೆಯ ವಾಹನವನ್ನೇ ಮೊದಲು ಪರಿಶೀಲಿಸಬೇಕಾಗುತ್ತದೆ.

ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಮಾರತ್ತಹಳ್ಳಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದಿರುವ ಈ ಪ್ರದೇಶದಲ್ಲಿ ಹಳೆಯ ವಿಮಾನ ನಿಲ್ದಾಣದ ರಸ್ತೆಯು ಹೊರವರ್ತುಲ ರಸ್ತೆಯನ್ನು ಸಂಧಿಸುತ್ತದೆ. ವಾರದ ದಿನಗಳಲ್ಲಿ ಇಲ್ಲಿ ವಾಹನಗಳು ಚಲಿಸುವುದಕ್ಕಿಂತ ನಿಂತಿರುವುದೇ ಹೆಚ್ಚು. ಬೆಂಗಳೂರು ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಇಂತಹ ಊರಿನ ಬಹುಮಹಡಿ ವಸತಿಗಳ ನೆಲಮಾಳಿಗೆಯಲ್ಲಿ ದಪ್ಪ ಬಟ್ಟೆಯ ಹೊದಿಕೆ ಹೊದ್ದು ನಿಂತ ಒಂದೊಂದು ಹಳೆಯ ಕಾರು ಕಣ್ಣಿಗೆ ಬೀಳುವುದುಂಟು. ಅದರ ಎಡಬಲಗಳಲ್ಲಿ ಅದೇ ಮನೆಯ ಹೊಸ ಕಾರು, ಮನೆಯೊಡತಿಯ ಸ್ಕೂಟರು, ಮಗನ ಮೋಟಾರು ಬೈಕು ನಿಂತಿರುತ್ತವೆ. ಭಾನುವಾರ ನಸುಕಿನಲ್ಲಿ, ರಸ್ತೆ ಬರಿದಾಗಿರುವ ಒಂದೆರಡು ಗಂಟೆಗಳ ಕಾಲ, ಹೊದಿಕೆ ಸರಿದು ಹಳೆಯ ಕಾರು ಹೊರಗೆ ಬರುತ್ತದೆ. ಉಳಿದ ದಿನಗಳ ಭಾರವನ್ನು ಉಳಿದ ವಾಹನಗಳು ಹೊರುತ್ತವೆ.

ಈ ಹವ್ಯಾಸದಲ್ಲಿ ಗುಣಗಳೇ ಇಲ್ಲವೆಂದು ಹೇಳುವುದು ನ್ಯಾಯವಾಗದು. ಹಳೆಯ ಕಾರನ್ನು ಸಾಕುವವನು ಅದರ ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆಯುವುದನ್ನು ಕಲಿಯುತ್ತಾನೆ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವಿನ ಕೂದಲೆಳೆಯ ಅಂತರವನ್ನು ಅಳೆದು ಸರಿಪಡಿಸುತ್ತಾನೆ. ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರಿನ ಕೊಳವೆಗಳನ್ನು ಕೆಡಿಸುತ್ತದೆಂದು ತಿಳಿದು ಅವುಗಳನ್ನು ಮೊದಲೇ ಬದಲಾಯಿಸುತ್ತಾನೆ. ಕೈಕೆಲಸ ಬಲ್ಲ ಹಿರಿಯ ಮೆಕ್ಯಾನಿಕನಿಗೆ ಇದರಿಂದ ಜೀವನವೂ ದೊರೆಯುತ್ತದೆ, ಗೌರವವೂ ದೊರೆಯುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಆದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳು ಇಂದಿಗೂ ರಸ್ತೆಯ ಮೇಲಿರುವುದು ಅಭಿಮಾನಿಗಳ ಶ್ರದ್ಧೆಯಿಂದಲೇ. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತ ಮೇಲೆ ಅದರ ನೆನಪನ್ನು ಉಳಿಸಿದವರೂ ಇವರೇ. ಹಾಳಾದುದನ್ನು ಎಸೆಯದೆ ಸರಿಪಡಿಸುವುದು ಸದ್ಗುಣವೇ ಸರಿ. ವ್ಯರ್ಥವಾದ ಹಿಂಸೆಯನ್ನು ಕಡಿಮೆ ಮಾಡುವ ಮಾರ್ಗಗಳಲ್ಲಿ ಅದೂ ಒಂದು.

ಹಾಗಾದರೆ ತೊಡಕು ಎಲ್ಲಿದೆ? 2021ರಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯು ಅದನ್ನು ತಾನಾಗಿಯೇ ತೋರಿಸಿಕೊಡುತ್ತದೆ. ಮೊದಲ ನೋಂದಣಿಯಿಂದ 50 ವರ್ಷಗಳನ್ನು ದಾಟಿ, ಮೂಲರೂಪವನ್ನು ಉಳಿಸಿಕೊಂಡಿರುವ ಕಾರು ಮತ್ತು ದ್ವಿಚಕ್ರ ವಾಹನಗಳನ್ನು ಆ ನಿಯಮವು ವಿಂಟೇಜ್ ಎಂದು ಗುರುತಿಸಿ, 'ವಿಎ' ಎಂಬ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯಾಫಲಕವನ್ನು ನೀಡುತ್ತದೆ. ಆದರೆ ಅಂತಹ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇವುಗಳಿಗಾಗಿ ಮಾತ್ರ ಅದು ರಸ್ತೆಗಿಳಿಯಬಹುದು. ಅಂದರೆ ಸ್ವಂತ ವಾಹನದಲ್ಲೇ ಕಚೇರಿಗೆ ಹೋಗುವ ಅಭಿಮಾನಿಯ ಬಳಿ ಇನ್ನೊಂದು ವಾಹನ ಇದ್ದೇ ಇರುತ್ತದೆಂದು ನಿಯಮವೇ ಭಾವಿಸಿಕೊಂಡಿದೆ. ಹಳೆಯ ಕಾರು ಮನೆಗೆ ಬಂದೊಡನೆ ಆ ಮನೆಯ ವಾಹನಗಳ ಎಣಿಕೆ ಒಂದರಿಂದ ಎರಡಕ್ಕೆ ಏರುತ್ತದೆ.

ಎಣಿಕೆ ಎರಡಕ್ಕೇ ನಿಲ್ಲುವುದೂ ಇಲ್ಲ. ತಯಾರಿಕೆ ನಿಂತುಹೋದ ಕಾರಿಗೆ ಬಿಡಿಭಾಗಗಳು ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಅದೇ ಮಾದರಿಯ ಇನ್ನೊಂದು ಕಾರನ್ನು ಬಿಚ್ಚಿ ಬಳಸುವುದಕ್ಕೆಂದೇ ಕೊಳ್ಳುವ ರೂಢಿಯಿದೆ. ದೂರದ ಪ್ರದರ್ಶನಕ್ಕೆ ಹಳೆಯ ಕಾರನ್ನು ಓಡಿಸಿಕೊಂಡು ಹೋಗುವುದರ ಬದಲು ಲಾರಿಯ ಮೇಲೇರಿಸಿ ಕಳುಹಿಸುವುದೂ ಉಂಟು; ಒಡೆಯನು ತನ್ನ ಹೊಸ ಕಾರಿನಲ್ಲಿ ಹಿಂದಿನಿಂದ ಹೋಗುತ್ತಾನೆ. ಒಂದು ಕಾರಿನ ಸಂತೋಷಕ್ಕಾಗಿ ಮೂರು ವಾಹನಗಳು ದುಡಿದಂತಾಯಿತು. ವ್ಯಾಪಾರಿಯು ದಾಸ್ತಾನಿನ ಪಟ್ಟಿ ಬರೆಯುವಾಗ ಗೋದಾಮಿನ ಮೂಲೆಯಲ್ಲಿರುವ ಸರಕನ್ನು ಬಿಟ್ಟು ಬರೆದರೆ ಆ ಪಟ್ಟಿಯನ್ನು ಯಾರೂ ಒಪ್ಪುವುದಿಲ್ಲ. ಹವ್ಯಾಸದ ಪಟ್ಟಿಯಲ್ಲಿಯೂ ಇವೆಲ್ಲವೂ ಸೇರಬೇಕಾದುದು ನ್ಯಾಯ.

ಇನ್ನು ಆ ಎರಡನೆಯ ವಾಹನದ ಪಾಡನ್ನು ನೋಡೋಣ. ಹಳೆಯ ಕಾರಿನ ಬಣ್ಣಕ್ಕೆ ಒಂದು ಗೀರು ಬಿದ್ದರೆ ನಿದ್ರೆ ಬಾರದ ಮನುಷ್ಯನು ದಿನಬಳಕೆಯ ಕಾರಿಗೆ ಬಿದ್ದ ಹತ್ತು ಗೀರುಗಳನ್ನು ಲೆಕ್ಕಿಸುವುದಿಲ್ಲ. ಮೊದಲನೆಯದರ ಎಂಜಿನ್ನಿನ ಸ್ವರವನ್ನು ಕೇಳಿಯೇ ದೋಷವನ್ನು ಹೇಳಬಲ್ಲವನು ಎರಡನೆಯದರ ಮುಂಭಾಗದ ಮುಚ್ಚಳವನ್ನು ವರ್ಷಕ್ಕೊಮ್ಮೆಯೂ ತೆರೆದಿರುವುದಿಲ್ಲ. ನಾಲ್ಕೈದು ವರ್ಷಗಳಲ್ಲಿ ಹೊಸ ಮಾದರಿ ಬಂದಿತೆಂದು ಅದನ್ನು ಮಾರಿ ಇನ್ನೊಂದನ್ನು ತರುತ್ತಾನೆ. ಲೆಕ್ಕಪುಸ್ತಕದಲ್ಲಿ ಇದಕ್ಕೆ ಸಮರ್ಥನೆ ಸುಲಭ. ಆದಾಯ ತೆರಿಗೆಯ ನಿಯಮದಂತೆ ವ್ಯಾಪಾರದ ಕಾರಿನ ಮೇಲೆ ವರ್ಷಕ್ಕೆ ಸಾಮಾನ್ಯವಾಗಿ ಶೇಕಡಾ 15ರಷ್ಟು ಸವಕಳಿ ಬರೆಯಬಹುದು. ಬೆಲೆ ಇಳಿಯುವ ವಸ್ತುವಿನಲ್ಲಿ ಮನಸ್ಸು ಉಳಿಯುವುದಿಲ್ಲ. ಹಳೆಯ ಕಾರಿನ ಬೆಲೆ ಏರುತ್ತದೆ; ಆದುದರಿಂದ ಮನಸ್ಸು ಅಲ್ಲಿ ನೆಲೆಸುತ್ತದೆ. ಇಷ್ಟನ್ನು ಕಂಡ ಮೇಲೆ, ಆ ಮನುಷ್ಯನು ಪ್ರೀತಿಸುತ್ತಿರುವುದು ಜೋಪಾನವೆಂಬ ಗುಣವನ್ನೋ ಅಪೂರ್ವ ವಸ್ತುವಿನ ಒಡೆತನವನ್ನೋ ಎಂಬ ಸಂದೇಹ ಏಳುವುದು ಸಹಜ. ಜೋಪಾನವೇ ಅವನ ಗುಣವಾಗಿದ್ದರೆ ಅದು ಎರಡೂ ವಾಹನಗಳ ಮೇಲೆ ಸಮನಾಗಿ ಹರಿಯಬೇಕಿತ್ತು.

ಸರ್ಕಾರದ ಶುಲ್ಕದ ಪಟ್ಟಿಯಲ್ಲಿಯೂ ಇದೇ ತಾರತಮ್ಯ ಕಾಣುತ್ತದೆ. ವಿಂಟೇಜ್ ವಾಹನದ ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಎಂದು 2021ರ ನಿಯಮವು ಗೊತ್ತುಪಡಿಸಿತು. 2025ರ ಆಗಸ್ಟ್ ತಿಂಗಳ ಅಧಿಸೂಚನೆಯಂತೆ 20 ವರ್ಷ ದಾಟಿದ ಸಾಮಾನ್ಯ ಕಾರಿನ ನೋಂದಣಿ ನವೀಕರಣಕ್ಕೆ 10,000 ರೂಪಾಯಿ ಕೊಡಬೇಕು. ಹಳೆಯ ಮಾರುತಿ ಕಾರಿನಲ್ಲಿ ತರಕಾರಿ ಮೂಟೆ ಹೇರಿಕೊಂಡು ಅಂಗಡಿಗೆ ಹೋಗುವವನು ಹವ್ಯಾಸದ ಕಾರನ್ನು ಮರುನೋಂದಣಿ ಮಾಡಿಸುವವನಿಗಿಂತ ಇಮ್ಮಡಿ ತೆರುತ್ತಾನೆ. ಹಳೆಯ ಸಾಮಾನ್ಯ ಕಾರುಗಳು ದಿನವೂ ಓಡಿ ಹೊಗೆ ಉಗುಳುತ್ತವೆಂಬ ಕಾರಣವನ್ನು ತಳ್ಳಿಹಾಕುವಂತಿಲ್ಲ. ಆದರೂ ಒಂದೇ ವಾಹನವನ್ನು ಇಪ್ಪತ್ತು ವರ್ಷ ಜತನದಿಂದ ಬಳಸಿದವನ ಮಿತವ್ಯಯವನ್ನು ಯಾರೂ ಪರಂಪರೆಯೆಂದು ಕರೆಯುವುದಿಲ್ಲ. ಅವನ ಕಾರಿಗೆ ಹೂಮಾಲೆ ಹಾಕುವವರೂ ಇಲ್ಲ.

ಎರಡನೆಯ ವಾಹನದ ಪ್ರಶ್ನೆಯು ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ಒಬ್ಬ ಗೃಹಸ್ಥರು 1931ರ ಮಾದರಿಯ ಫೋರ್ಡ್ ಟೂರರ್ ಕಾರೊಂದನ್ನು 1983ರಲ್ಲಿ 20,000 ರೂಪಾಯಿಗೆ ಕೊಂಡು, ಮುಂದೆ 21 ಲಕ್ಷ ರೂಪಾಯಿಗೆ ಮಾರಿದರು. ಸ್ವಂತ ಬಳಕೆಯ ವಸ್ತುವಿನ ಮಾರಾಟದ ಲಾಭಕ್ಕೆ ತೆರಿಗೆಯಿಲ್ಲವೆಂಬುದು ಅವರ ವಾದವಾಗಿತ್ತು. ಆದರೆ ಅವರು ದಿನನಿತ್ಯ ಓಡಾಡುತ್ತಿದ್ದುದು ಕಂಪನಿಯ ಕಾರಿನಲ್ಲಿ. ಹಳೆಯ ಕಾರನ್ನು ಸ್ವಂತಕ್ಕೆ ಬಳಸಿದ ಬಗ್ಗೆ ಸಾಕ್ಷ್ಯವಿಲ್ಲವೆಂದು 2025ರಲ್ಲಿ ಮುಂಬೈ ಹೈಕೋರ್ಟು ಅವರ ವಾದವನ್ನು ತಳ್ಳಿಹಾಕಿತು. ಬಳಸಲು ಯೋಗ್ಯವಾಗಿರುವುದು ಬೇರೆ, ಬಳಸುವುದು ಬೇರೆ ಎಂಬ ತಾತ್ಪರ್ಯವು ಈ ತೀರ್ಪಿನಿಂದ ಹೊರಡುತ್ತದೆ. ತೆರಿಗೆಯ ಅಧಿಕಾರಿಯು ಕೇಳಿದ ಈ ಪ್ರಶ್ನೆಯನ್ನು ಶ್ರಾವಕನು ತನ್ನನ್ನು ತಾನೇ ಕೇಳಿಕೊಳ್ಳಬೇಕೆಂದು ಜೈನಾಚಾರ್ಯರು ಎಷ್ಟೋ ಶತಮಾನಗಳ ಹಿಂದೆಯೇ ವಿಧಿಸಿದ್ದರು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಮಿತ ಪರಿಗ್ರಹಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರಿದೆ. ಅಳತೆಗೆ ಒಳಪಡಬೇಕಾದುದು ವಸ್ತುಗಳಷ್ಟೇ ಅಲ್ಲ, ಇಚ್ಛೆಯೂ ಹೌದೆಂಬುದು ಆ ಹೆಸರಿನಿಂದಲೇ ಸ್ಪಷ್ಟ. ಆ ವ್ರತದ ಅತಿಚಾರಗಳನ್ನು ಹೇಳುವಾಗ ಆಚಾರ್ಯರು ಮಿತಿಮೀರಿ ವಾಹನ ನಡೆಸುವುದನ್ನೂ, ಮಿತಿಮೀರಿ ಕೂಡಿಡುವುದನ್ನೂ, ಪರರ ವೈಭವಕ್ಕೆ ಬೆರಗಾಗಿ ಮನಸ್ಸು ಕದಡಿಕೊಳ್ಳುವುದನ್ನೂ ಸೇರಿಸಿದ್ದಾರೆ. ಭೋಗೋಪಭೋಗಗಳಿಗೆ ಮಿತಿ ಹಾಕಿಕೊಳ್ಳುವ ಸಂದರ್ಭದಲ್ಲಂತೂ ಭೋಜನದ ಮರುಕ್ಷಣವೇ ವಾಹನದ ಹೆಸರು ಬರುತ್ತದೆ. ಒಂದು ದಿನಕ್ಕೋ ಪಕ್ಷಕ್ಕೋ ತಿಂಗಳಿಗೋ ಋತುವಿಗೋ ಕಾಲವನ್ನು ಗೊತ್ತುಮಾಡಿಕೊಂಡು ನಿಯಮ ಹಿಡಿಯುವ ಸೌಲಭ್ಯವೂ ಅಲ್ಲಿದೆ. ಆ ಕಾಲದ ವಾಹನವೆಂದರೆ ಆನೆ, ಕುದುರೆ, ರಥ, ಪಲ್ಲಕ್ಕಿ. ಹಾಗಿದ್ದರೂ ಈ ಉಪದೇಶವು ಬೇರೆಲ್ಲಿಗೂ ಅನ್ವಯಿಸದಷ್ಟು ನಿಖರವಾಗಿ ಇಂದಿನ ನೆಲಮಾಳಿಗೆಗೆ ಅನ್ವಯಿಸುತ್ತದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಪರಿಗ್ರಹದ ಮೂಲವನ್ನು ಮೂರ್ಛೆಯಲ್ಲಿ ಕಾಣುತ್ತದೆ. ಹೊದಿಕೆಯ ಕೆಳಗಿನ ಕಾರನ್ನು ರಾತ್ರಿ ಮಲಗುವ ಮುನ್ನ ಒಮ್ಮೆ ಇಳಿದು ನೋಡಿ ಬರುವ ಮನಸ್ಸಿಗೆ ಇದಕ್ಕಿಂತ ಸರಿಯಾದ ಹೆಸರು ಬೇರೆ ದೊರೆಯದು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ದೇವಸ್ಥಾನದ ರಥವೂ ವರ್ಷವೆಲ್ಲ ತನ್ನ ಮನೆಯಲ್ಲೇ ನಿಂತಿದ್ದು ಉತ್ಸವದ ದಿನ ಮಾತ್ರ ಹೊರಬರುತ್ತದಲ್ಲವೇ? ಹೌದು. ಆದರೆ ರಥವು ಯಾರೊಬ್ಬರ ಸೊತ್ತೂ ಅಲ್ಲ. ಅದರ ಹಗ್ಗಕ್ಕೆ ಊರಿನವರೆಲ್ಲ ಕೈಹಾಕುತ್ತಾರೆ. ಅಪೂರ್ವ ವಸ್ತುವನ್ನು ಉಳಿಸುವುದು ತಪ್ಪಲ್ಲ. ಯಾರ ಹೆಸರಿನಲ್ಲಿ, ಯಾರ ಸಲುವಾಗಿ ಉಳಿಸಲಾಗುತ್ತಿದೆ ಎಂಬುದು ಮುಖ್ಯ. ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಸಂಗ್ರಹವಾದ ಹಳೆಯ ಕಾರುಗಳು ಮಂಜೂಷಾ ವಸ್ತುಸಂಗ್ರಹಾಲಯದಂತೆಯೇ ಯಾತ್ರಿಕರ ನೋಟಕ್ಕೆ ತೆರೆದಿವೆ. 2023ರಲ್ಲಿ ಶ್ರೀರಂಗಪಟ್ಟಣದ ಬಳಿ ಆರಂಭವಾದ 'ಪಯಣ' ವಸ್ತುಸಂಗ್ರಹಾಲಯವು ಅದೇ ದಾರಿಯ ಮುಂದಿನ ಹೆಜ್ಜೆ. ಮಾರತ್ತಹಳ್ಳಿಗೆ ಸಮೀಪದಲ್ಲಿ, ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲೇ, 2001ರಲ್ಲಿ ತೆರೆದ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮರುತ್ ಯುದ್ಧವಿಮಾನವನ್ನು ಇರಿಸಲಾಗಿದೆ. 1961ರ ಜೂನ್ 17ರಂದು ಇದೇ ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ಮಾದರಿಯದು. ಅದನ್ನು ನೋಡಿದ ಶಾಲೆಯ ಹುಡುಗನು 'ಇದು ನಮ್ಮ ಊರಿನಲ್ಲಿ ಆದದ್ದು' ಎನ್ನುತ್ತಾನೆ; 'ಇದು ಇಂಥವರದು' ಎನ್ನುವುದಿಲ್ಲ. ಹತ್ತು ಮಂದಿಯ ಕಲಿಕೆಗೆ ಒದಗಿದಾಗ ಸಂಗ್ರಹವು ದಾನದ ಸಮೀಪಕ್ಕೆ ಬರುತ್ತದೆ. ಸಂಗ್ರಹಾಲಯಗಳ ಫಲಕಗಳಲ್ಲಿ ಕಾರಿನ ಹೆಸರು, ವರ್ಷ, ಅಶ್ವಶಕ್ತಿಗಳ ಜೊತೆಗೆ ಅದನ್ನು ಓಡಿಸಿದ ಚಾಲಕನ, ರಿಪೇರಿ ಮಾಡಿದ ಮೆಕ್ಯಾನಿಕನ ಮಾತೂ ಒಂದು ಸಾಲು ಇದ್ದರೆ ಆ ಕಲಿಕೆ ಇನ್ನಷ್ಟು ಪೂರ್ಣವಾದೀತು.

ವಾಹನಗಳ ನಿಜವಾದ ಬೆಲೆ ಯಾವುದೆಂಬುದನ್ನು ಪ್ರಕೃತಿಯೂ ಒಮ್ಮೆ ತೋರಿಸಿತು. 2022ರ ಸೆಪ್ಟೆಂಬರ್ ಮೊದಲ ವಾರ ಸುರಿದ ಮಳೆಗೆ ಹೊರವರ್ತುಲ ರಸ್ತೆಯ ಆಸುಪಾಸಿನ ಪ್ರದೇಶಗಳು ಮುಳುಗಿದವು. ಮಾರತ್ತಹಳ್ಳಿಗೆ ಹತ್ತಿರದ ಯಮಲೂರಿನಲ್ಲಿ ಅತಿ ದುಬಾರಿಯ ಕಾರುಗಳು ಕೆಸರು ನೀರಿನಲ್ಲಿ ಮುಳುಗಿ ನಿಂತ ಚಿತ್ರಗಳನ್ನು ದೇಶವೆಲ್ಲ ನೋಡಿತು. ಆ ದಿನಗಳಲ್ಲಿ ಜನರನ್ನು ಮನೆಯಿಂದ ಹೊರಗೆ ತಂದದ್ದೂ, ಕಚೇರಿಗೆ ಮುಟ್ಟಿಸಿದ್ದೂ ರೈತರ ಟ್ರ್ಯಾಕ್ಟರುಗಳು. ಯಾವ ಪ್ರದರ್ಶನದಲ್ಲಿಯೂ ಬಹುಮಾನ ಪಡೆಯದ, ಯಾರೂ ಹೊದಿಕೆ ಹೊದಿಸದ ಆ ವಾಹನವು ವಾಹನಧರ್ಮವನ್ನು ಪಾಲಿಸಿತು.

ಹಳೆಯ ಕಾರುಗಳನ್ನೆಲ್ಲ ಗುಜರಿಗೆ ಹಾಕಬೇಕೆಂಬುದು ಇದರ ಅರ್ಥವಲ್ಲ. ಮಾಡಬೇಕಾದ ಕೆಲಸಗಳು ಸರಳವಾಗಿವೆ. ದಶಲಕ್ಷಣ ಪರ್ವದ ಉತ್ತಮ ಆಕಿಂಚನ್ಯದ ದಿನ ಪ್ರತಿಯೊಂದು ಕುಟುಂಬವೂ ತನ್ನ ವಾಹನಗಳ ಪಟ್ಟಿಯನ್ನು ಒಂದು ಹಾಳೆಯ ಮೇಲೆ ಬರೆಯಲಿ: ಓಡುವುದು, ನಿಂತಿರುವುದು, ಬಿಚ್ಚಿಟ್ಟಿರುವುದು, ಕಂಪನಿ ಕೊಟ್ಟಿರುವುದು, ಎಲ್ಲವನ್ನೂ. ಕಳೆದ ತಿಂಗಳಲ್ಲಿ ಪ್ರತಿಯೊಂದೂ ಎಷ್ಟು ದಿನ ನಿಜವಾದ ಕೆಲಸಕ್ಕೆ ಬಂದಿತೆಂದು ಎದುರಿಗೆ ನಮೂದಿಸಲಿ. ಬಸದಿಗಳ ಆಡಳಿತ ಮಂಡಳಿಗಳೂ ಟ್ರಸ್ಟಿನ ವಾಹನಗಳಿಗೆ ಇದೇ ಲೆಕ್ಕವನ್ನು ಇಟ್ಟು ಸಭೆಯ ಮುಂದೆ ಓದಿದರೆ ಉಪದೇಶಕ್ಕಿಂತ ಹೆಚ್ಚಿನ ಪರಿಣಾಮವಾದೀತು. ಹಳೆಯ ಕಾರಿನ ಅಭಿಮಾನಿಯು ತನ್ನ ಜೋಪಾನದ ಅರ್ಧವನ್ನಾದರೂ ದಿನಬಳಕೆಯ ಕಾರಿಗೆ ನೀಡಿ, ಅದನ್ನು ಹತ್ತು ಹದಿನೈದು ವರ್ಷ ಸುಸ್ಥಿತಿಯಲ್ಲಿ ಓಡಿಸಿದರೆ ಅವನ ಹವ್ಯಾಸಕ್ಕೆ ನೀತಿಯ ಆಧಾರ ದೊರೆಯುತ್ತದೆ.

ದಿಗಂಬರ ಮುನಿಗಳು ಇಂದಿಗೂ ಯಾವ ವಾಹನವನ್ನೂ ಏರದೆ, ಲಾರಿ ಕಾರುಗಳು ಹಾರುವ ಹೆದ್ದಾರಿಗಳ ಅಂಚಿನಲ್ಲಿ ಪಾದವಿಹಾರ ಮಾಡುತ್ತಾರೆ. ಗೃಹಸ್ಥನಿಗೆ ಅಷ್ಟು ಶಕ್ಯವಲ್ಲ. ಅವನಿಗೆ ಹೇಳಿರುವುದು ಅಣುವ್ರತ. ಆದರೆ ಮುನಿಗಳನ್ನು ಎದುರುಗೊಳ್ಳಲು ಹೊರಡುವ ಶ್ರಾವಕನು ತನ್ನ ಮನೆಯ ಎಷ್ಟನೆಯ ವಾಹನದಲ್ಲಿ ಕುಳಿತು ಹೋಗುತ್ತಿದ್ದಾನೆಂದು ಒಮ್ಮೆ ಎಣಿಸಿ ನೋಡುವುದು ಶಕ್ಯವಾದುದೇ. ಇಚ್ಛಾಪರಿಮಾಣವು ಆ ಎಣಿಕೆಯಿಂದಲೇ ಆರಂಭವಾಗುತ್ತದೆ.