ಕಲ್ಲಿನ ಹೆಣ್ಣುಗಳೂ ಬಾಯಿಬಿಟ್ಟ ಹೆಂಗಸರೂ

ಅರಸೀಕೆರೆ ಜಂಕ್ಷನ್ನಿನಲ್ಲಿಳಿದು ಬಸ್ಸು ಹಿಡಿಯುವ ಸಾಹಿತ್ಯರಸಿಕರಿಗೆ ಬೇಲೂರು-ಹಳೇಬೀಡು ಅಂದ್ರೆ ಕಲ್ಲಿನ ಹೆಣ್ಣುಗಳೇ. ಡಿವಿಜಿ ಅವರ 'ಅಂತಃಪುರಗೀತೆ' ಹುಟ್ಟಿದ್ದೂ ಬೇಲೂರಿನ ಮದನಿಕೆಯರನ್ನು ಕಂಡೇ. ಕಲ್ಲಿನ ಹೆಣ್ಣು ಕನ್ನಡಿ ನೋಡ್ತಾಳೆ, ಕುಣೀತಾಳೆ, ಜೀವನಾಂಶ ಕೇಳೋದಿಲ್ಲ.

ಅದೇ ಹಾಸನ ಜಿಲ್ಲೆಯ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕತೆಯ ಹೆಂಗಸು ಕೇಳುತ್ತಾಳೆ. ಹೆಣ್ಣುಗಳನ್ನೇ ಹೆತ್ತಳೆಂದು ಗಂಡ ಬಿಟ್ಟಿದ್ದಾನೆ. ಮುತವಲ್ಲಿ ನ್ಯಾಯವನ್ನು ಮುಂದೂಡುತ್ತಾನೆ; ಕೂಸು ಸಾಯುತ್ತದೆ. ಆಗ ಬೀದಿಯ ಹೆಂಗಸರು ಮುತವಲ್ಲಿಗೆ ಶಾಪ ಹಾಕುತ್ತಾರೆ. ಇದನ್ನು ಬರೀ ಆಕ್ರೋಶವೆಂದು ಓದುವವರನ್ನು ನಾವು ಒಪ್ಪುವುದಿಲ್ಲ. ಅದು ತೀರ್ಪು.

'ಎದೆಯ ಹಣತೆ'ಯಲ್ಲಿ ಅಣ್ಣಂದಿರು ತಂಗಿಯನ್ನು ಗಂಡನ ಮನೆಗೇ ಮರಳಿಸಿ ಮಾನ ಉಳಿಸಿಕೊಳ್ಳುತ್ತಾರೆ. ಅದು ಅವರ ಶಾಂತಿ. ಸೀಮೆಎಣ್ಣೆ ಸುರಿದುಕೊಂಡವಳನ್ನು ಉಳಿಸುವವಳು ಮಗಳು.

ಸುಮ್ಕಿರೋದನ್ನೇ ಶಾಂತಿ ಅನ್ನುವುದು ಒಂದೇ ಮತದ ರೋಗವಲ್ಲ. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘದ ನಾಲ್ವರು ದಲಿತ ಹೆಂಗಸರು ಬಸವೇಶ್ವರನ ಗುಡಿ ಹೊಕ್ಕರು. ಸವರ್ಣೀಯರು ದಂಡ ಹಾಕಿದರು. ಆಮೇಲೆ ಶಾಂತಿಸಭೆ! ದಂಡ ಹಾಕಿದವನನ್ನೂ ದಂಡ ತೆರಬೇಕಾದವಳನ್ನೂ ಒಂದೇ ಜಮಖಾನದ ಮೇಲೆ ಕೂರಿಸಿದರೆ ಶಾಂತಿ ಹುಟ್ಟುತ್ತದೆಯೇ?

ಬೇಲೂರಿನ ತೇರಿನ ಮುಂದೆ ಕುರಾನ್ ಪಠಣ ನಡೆಯುವ ಪದ್ಧತಿಗೆ 2022ರಲ್ಲಿ ವಿರೋಧ ಎದ್ದಿತು. ಆದರೂ ಪಠಣ ನಡೆಯಿತು, ತೇರೂ ಹರಿಯಿತು. ಇದು ಉಳಿಯಲೇಬೇಕು. ಆದರೆ ಖಾಜಿ-ಅರ್ಚಕರ ಸೌಹಾರ್ದದೊಳಗೆ ಹೆಂಗಸರ ಜಾಗ ಎಲ್ಲಿ? ಬಾನು ಅವರನ್ನೇ ನೋಡಿ. ಹೆಂಗಸರ ಮಸೀದಿ ಪ್ರವೇಶದ ಪರ ಮಾತಾಡಿದ್ದಕ್ಕೆ 2000ರಲ್ಲಿ ಬಹಿಷ್ಕಾರ; ಇಂಟರ್‌ನ್ಯಾಷನಲ್ ಬುಕರ್ ಬಂದ 2025ರಲ್ಲೇ ದಸರಾ ಉದ್ಘಾಟನೆಗೆ ತಕರಾರು, ಸುಪ್ರೀಂ ಕೋರ್ಟಿನ ತನಕ. ತಕರಾರು ನಿಲ್ಲಲಿಲ್ಲ, ಅವರು ಉದ್ಘಾಟಿಸಿದರು. ಜಗಳವಾಡುವ ಎರಡೂ ಕಡೆಯ ಯಜಮಾನರು ಹೆಂಗಸಿನ ಬಾಯಿ ಮುಚ್ಚಿಸೋದರಲ್ಲಿ ಮಾತ್ರ ಒಂದಾಗ್ತಾರೆ.

ಬಾನು ಅವರ ಕತೆಗಳನ್ನು ಮೆಚ್ಚುತ್ತಲೇ ನಮ್ಮದೊಂದು ತಕರಾರಿದೆ. 'ಕರಿ ನಾಗರಗಳು'ವಿನಲ್ಲಿ ಬೀದಿ ಬಾಯಿಬಿಡುವುದು ಕೂಸು ಸತ್ತ ಮೇಲೆ. ಅದಕ್ಕೂ ಮುಂಚೆ, ಓದಿದ ಹೆಂಗಸೊಬ್ಬಳ ಬುದ್ಧಿಮಾತು ಬಿಟ್ಟರೆ, ಹೊಸಿಲುಗಳು ಒಂದಾಗುವುದಿಲ್ಲ. ಮುತವಲ್ಲಿಯ ಹೆಂಡತಿಯೂ ಸಂತಾನಹರಣ ಚಿಕಿತ್ಸೆಗೆ ತಾನೇ ದಾರಿ ಹುಡುಕಿಕೊಳ್ಳಬೇಕು. ಒಂಟಿ ಪ್ರತಿಭಟನೆಗಳು ಸಂಘಟನೆಯಾಗುವ ಹಾದಿಯನ್ನು ಕತೆ ತೋರುವುದಿಲ್ಲ.

ಆ ಹಾದಿಯನ್ನು ಹಾಸನ ಕಂಡಿದೆ. 2024ರ ಮೇ 30ರಂದು ಲೈಂಗಿಕ ದೌರ್ಜನ್ಯಕ್ಕೊಳಗಾದ ಹೆಂಗಸರ ಪರವಾಗಿ ಮಹಿಳಾ ಸಂಘಟನೆಗಳೂ ಜನಪರ ಸಂಘಟನೆಗಳೂ ನಾಡಿನ ನಾನಾ ಕಡೆಯಿಂದ ಬಂದು ಇಲ್ಲಿಯ ಬೀದಿಯಲ್ಲಿ ನಡೆದವು. ದೂರು ಕೊಟ್ಟವಳು ಒಂಟಿಯಲ್ಲ ಎಂಬ ಭರವಸೆ ಮೊದಲು, ಶಾಂತಿ ಆಮೇಲೆ. ನಮ್ಮ ಬಂಡಾಯದ ಕತೆಗಾರರು ಇನ್ನು ಬರೆಯಬೇಕಾದದ್ದು ಈ ನಡಿಗೆಯನ್ನು.